ಬಳ್ಳಿಗಾವಿಯ ಪಾಠ: ಮಕ್ಕಳ ಕೈಗೆ ಬರವಣಿಗೆ ಹತ್ತಿಸುವ ಹದಿಮೂರು ಸೂತ್ರಗಳು

ಶಿರಾಳಕೊಪ್ಪದ ಮಗ್ಗುಲಲ್ಲಿರುವ ಬಳ್ಳಿಗಾವಿಗೆ ಬಂದವರು ಕೇದಾರೇಶ್ವರ ದೇವಸ್ಥಾನ ನೋಡುತ್ತಾರೆ, ತ್ರಿಪುರಾಂತಕೇಶ್ವರದ ಬಾಗಿಲವಾಡ ನೋಡುತ್ತಾರೆ, ಫೋಟೊ ತೆಗೆದುಕೊಂಡು ಹೊರಡುತ್ತಾರೆ. ನಿಂತು ಓದುವವರು ಕಡಿಮೆ. ಓದುವುದಕ್ಕೋ, ಇಲ್ಲಿ ಬೇಕಾದಷ್ಟಿದೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳಿವೆ. 1904ರ ಎಂಟನೆಯ ಸಂಪುಟದಲ್ಲಿ ಸೊರಬದವು. ಶಿಕಾರಿಪುರದವುಗಳಲ್ಲಿ 1162ರದ್ದೊಂದು ಇಲ್ಲಿನ ಕೋಡಿಮಠವನ್ನು ವರ್ಣಿಸುತ್ತದೆ. ವೇದಗಳ ಜೊತೆಗೆ ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳನ್ನು ಹೇಳಿಕೊಡುವ ತಾಣ ಅದು. ಬಡವರಿಗೆ ಅನ್ನ, ರೋಗಿಗಳಿಗೆ ಮದ್ದು ಕೊಡುವ ತಾಣವೂ ಹೌದು. ಇವತ್ತಿನ ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟವರು ಈ ಶಾಸನ ಓದಿದ್ದರೋ ಇಲ್ಲವೋ, ಹೆಸರು ಮಾತ್ರ ಸರಿಯಾಗಿದೆ.

ಈ ಕಲ್ಲುಗಳಿಗೂ ನಮ್ಮ ಎರಡನೆಯ ತರಗತಿಯ ಮಗುವಿನ ಪಟ್ಟಿಗೂ ನನಗೆ ಕಾಣುವ ವ್ಯತ್ಯಾಸ ಇಷ್ಟು: ಕಲ್ಲಿನ ಮೇಲೆ ಬರೆಸಿದವನಿಗೆ ಹೇಳಬೇಕಾದ್ದು ಏನೋ ಇತ್ತು, ಅದನ್ನು ಯಾರು ಓದಬೇಕು ಎಂಬುದೂ ಗೊತ್ತಿತ್ತು. ‘ಹಸು ಒಂದು ಸಾಕುಪ್ರಾಣಿ’ ಎಂದು ಬರೆಯುವ ಮಗುವಿಗೆ ಎರಡೂ ಇಲ್ಲ. ಹೇಳುವುದು, ಓದುವವರು, ಇವೆರಡನ್ನು ಒದಗಿಸಿಕೊಟ್ಟರೆ ಉಳಿದದ್ದು ಬಹುಮಟ್ಟಿಗೆ ಮಣಿಕಟ್ಟಿನ ಕೆಲಸ. ಒಂದರಿಂದ ಐದನೆಯ ತರಗತಿಯವರೆಗೆ ಕಲಿಸುವ ಮೇಷ್ಟ್ರು, ಟೀಚರುಗಳು ನಾಳೆಯೇ ಮಾಡಿ ನೋಡಬಹುದಾದ ಕೆಲವು ದಾರಿಗಳು ಇಲ್ಲಿವೆ. ಬಳ್ಳಿಗಾವಿಯ ಸುತ್ತಲಿನ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೇರೆ ಊರಿನವರು ತಮ್ಮ ಊರಿನ ಸರಕು ಹಾಕಿಕೊಳ್ಳಲಿ.

1. ಮೊದಲು ಬಾಯಿ, ಆಮೇಲೆ ಕೈ

ದೀಪಾವಳಿ ಕಳೆದ ಮೇಲೆ ಶಿಕಾರಿಪುರ, ಸೊರಬದ ಕಡೆ ಹೋರಿ ಹಬ್ಬ. ಕೊಬ್ಬರಿ ಸರ, ಬಲೂನು, ಜೂಲ ಕಟ್ಟಿಕೊಂಡ ಹೋರಿ ಅಖಾಡದಲ್ಲಿ ಓಡಿದರೆ, ಮಾರನೆಯ ದಿನ ತರಗತಿಯಲ್ಲಿ ಪಾಠ ಕೇಳುವವರು ಯಾರೂ ಇಲ್ಲ. ಯಾವ ಹೋರಿ ಕೈಗೆ ಸಿಗಲಿಲ್ಲ, ಯಾರು ಕೊಬ್ಬರಿ ಕಿತ್ತರು, ಯಾರ ಅಂಗಿ ಹರಿಯಿತು, ಎಲ್ಲವೂ ಪಿಸುಮಾತಿನಲ್ಲಿ ಹರಿದಾಡುತ್ತಿರುತ್ತದೆ. ‘ಗಲಾಟೆ ನಿಲ್ಲಿಸಿ, ಬರೆಯಿರಿ’ ಅನ್ನಬೇಡಿ. ಗಲಾಟೆಯೇ ಪಾಠ. ಒಬ್ಬನನ್ನು ಎಬ್ಬಿಸಿ ಕಥೆ ಹೇಳಿಸಿ; ಇನ್ನೊಬ್ಬಳು ‘ಹಂಗಲ್ಲ ಸಾರ್’ ಎಂದು ತಿದ್ದಲಿ. ಐದಾರು ಮಾತು ಹೊರಬಿದ್ದ ಮೇಲೆ ಅವುಗಳಲ್ಲಿ ಮೂರನ್ನು, ಮಕ್ಕಳು ಆಡಿದ ಹಾಗೆಯೇ, ಬೋರ್ಡಿನ ಮೇಲೆ ಬರೆಯಿರಿ. ತಾನು ಈಗಷ್ಟೇ ಆಡಿದ ಮಾತು ಗೋಡೆಯ ಮೇಲೆ ನಿಂತದ್ದನ್ನು ಮಗು ನೋಡಬೇಕು. ಬರಹ ಅಂದರೆ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಶಿಕ್ಷಕರ ಕೈಪಿಡಿಯಲ್ಲೂ ಸಿಗಲಾರದು.

ಬಾಯಲ್ಲಿ ಒಂದು ವಾಕ್ಯ ಪೂರ್ತಿ ಹೇಳಲಾಗದ ಮಗು ಕಾಗದದ ಮೇಲೂ ಅದನ್ನು ಬರೆಯಲಾರದು. ಆದ್ದರಿಂದ ಮೂವತ್ತು ನಿಮಿಷದ ಬರವಣಿಗೆ ಅವಧಿಯಲ್ಲಿ ಮೊದಲ ಹತ್ತು ನಿಮಿಷ ಮಾತಿಗೇ ಹೋಗಲಿ. ತಪಾಸಣೆಗೆ ಬಂದ ಅಧಿಕಾರಿ ‘ಏನ್ರೀ, ಸಂತೆ?’ ಅಂದರೆ ‘ಬರವಣಿಗೆ ಪಾಠ ನಡೆದಿದೆ’ ಎನ್ನಿ.

2. ಅಕ್ಷರಕ್ಕೆ ಮೊದಲು ಗೆರೆ

ಐದು ವರ್ಷದ ಬೆರಳಿಗೆ ಪೆನ್ಸಿಲ್ ಭಾರ. ‘ಅ’ದ ಸುಳಿ, ‘ಇ’ಯ ತಿರುವು, ‘ಋ’ವಿನ ಬಾಲ ಎಲ್ಲವೂ ದುಂಡು ಗೆರೆಗಳು, ಕನ್ನಡದಲ್ಲಿ ನೇರ ಗೆರೆಯ ಅಕ್ಷರ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ದುಂಡಗೆ ತಿರುಗಿಸುವ ಅಭ್ಯಾಸವೇ ಮುಖ್ಯ. ಸೊರಬ, ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಪುಂಡಿನಾರಿನ ಕುಂಚ ಅದ್ದಿ ಹಸೆ ಚಿತ್ತಾರ ಬರೆಯುತ್ತಾರೆ. ಕೈ ನಡುಗದೆ ಗೆರೆ ಎಳೆಯುವುದನ್ನು ಅವರಿಂದ ಕಲಿಯಬೇಕು. ಭೂಮಿ ಹುಣ್ಣಿಮೆ ಹತ್ತಿರ ಬಂದಾಗ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಅಜ್ಜಿಯೊಬ್ಬರನ್ನು ಶಾಲೆಗೆ ಕರೆಯಿರಿ. ಮಕ್ಕಳು ಹಳೆಯ ಪೇಪರಿನ ಮೇಲೆ ಅವರ ಜೊತೆ ಗೆರೆ ಎಳೆಯಲಿ.

ಮರಳಿನಲ್ಲಿ ಬೆರಳಾಡಿಸುವುದು, ನೆಲದಲ್ಲಿ ಬಳಪದಿಂದ ದೊಡ್ಡದಾಗಿ ಬರೆಯುವುದು ಹಳೆಯ ಕೂಲಿಮಠದ ಪದ್ಧತಿ. ಹಳೆಯದು ಎಂದು ಬಿಡಬೇಡಿ. ಅಂದಹಾಗೆ ಕೇದಾರೇಶ್ವರ ಗುಡಿ ಕಟ್ಟಿದ್ದೂ ಬಳಪದ ಕಲ್ಲಿನಿಂದಲೇ. ಸ್ಲೇಟಿನ ಮೇಲೆ ಬರೆಯುವ ಬಳಪ ಆ ಕಲ್ಲಿನ ಜಾತಿಯದೇ ಎಂದು ಹೇಳಿದರೆ ಮಕ್ಕಳು ಗುಡಿಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

3. ವರ್ಣಮಾಲೆಯ ಸಾಲನ್ನು ಮುರಿಯಿರಿ

ಅ ಆ ಇ ಈ ಎಂದು ಶುರುಮಾಡಿದರೆ ಮಗು ಮೊದಲ ಪದ ಬರೆಯುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ. ಈ ಸಾಲು ವ್ಯಾಕರಣಕಾರನಿಗೆ ಅನುಕೂಲ, ಆರು ವರ್ಷದವರಿಗಲ್ಲ. ನಲಿಕಲಿ ಈ ಗಂಟನ್ನು ಬಿಡಿಸಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದು ಶುರುಮಾಡಿದ ಪದ್ಧತಿ ಇದು; 2009ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೆ ಬಂತು. ಅಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಬರೆಯಲು ಸುಲಭ, ಪದ ಕಟ್ಟಲು ಇನ್ನೂ ಸುಲಭ. ಈ ಐದರಲ್ಲೇ ಸರ, ರಸ, ದರ, ಅರಸ, ಅಗಸ, ದಸರ, ಗರಗಸ ಎಲ್ಲ ಹೊರಡುತ್ತವೆ. ಎರಡನೆಯ ಗುಂಪು ಜ, ವ, ಮ, ಬ, ನ. ಈಗ ಮರ, ಜನ, ದನ, ಮಗ, ನಗರ, ಬಸವ.

ಇಲ್ಲಿ ಹೆಚ್ಚಿನವರು ಬಿಡಿಪದ ಬರೆಸಿ ಮುಂದೆ ಹೋಗಿಬಿಡುತ್ತಾರೆ. ನಿಲ್ಲಿ. ಹತ್ತೇ ಅಕ್ಷರದಲ್ಲಿ ‘ಅರಸನ ಗಜ’, ‘ಬಸವನ ಮರ’, ‘ನಗರದ ಜನ’ ಆಗುತ್ತದೆ. ಎರಡು ಪದ ಒಂದಕ್ಕೊಂದು ಅಂಟಿಕೊಂಡ ಕೂಡಲೇ ಮಗು ನಕಲುಗಾರನ ಕೆಲಸ ಬಿಟ್ಟು ಬರೆಯುವವನ ಕೆಲಸಕ್ಕೆ ಬರುತ್ತದೆ. ಗುಂಪಿನಲ್ಲಿ ಕೂರಿಸಿ, ಈ ಹತ್ತು ಅಕ್ಷರದ ಮಿಂಚುಪಟ್ಟಿ ಕೊಟ್ಟು, ನಗು ಬರುವ ಜೋಡಿ ಹುಡುಕಿಸಿ. ‘ಗಜದ ಸರ’, ‘ಅಗಸನ ಗರಗಸ’ ಬಂದರೆ ಅಡ್ಡಿಯಿಲ್ಲ.

4. ಗುಣಿತಕ್ಕೆ ಹೆದರಿಸಬೇಡಿ

34 ವ್ಯಂಜನ, ಒಂದೊಂದಕ್ಕೆ 15 ರೂಪ: ಒಟ್ಟು 510. ಒತ್ತಕ್ಷರ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಗೋಡೆಯ ತುಂಬ ಕಾಗುಣಿತದ ಚಾರ್ಟ್ ತೂಗಿಸಿ ಬಾಯಿಪಾಠ ಮಾಡಿಸಿದರೆ ಮಗು ಹಾಡನ್ನು ಕಲಿಯುತ್ತದೆ, ಗುರುತನ್ನಲ್ಲ. ತಲಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವ ಎಂದು ವಾರಕ್ಕೊಂದು ಗುರುತು ಹಿಡಿಯಿರಿ. ಆ ವಾರ ಅದೊಂದೇ. ಗುಡಿಸಿನ ವಾರದಲ್ಲಿ ಗಿಣಿ, ಹಿಡಿ, ಮಿಣಿ, ಶಿರಸಿ.

ಚಿಕ್ಕ ಕುತೂಹಲಗಳನ್ನೂ ತೋರಿಸಿ. ಹೆಚ್ಚಿನ ಅಕ್ಷರಗಳಿಗೆ ಬಲಗಡೆ ಬರುವ ಕೊಂಬು ‘ವು’ದಲ್ಲಿ ಕೆಳಗೇಕೆ ಇಳಿಯುತ್ತದೆ? ‘ವ’ಕ್ಕೆ ಬಲಗಡೆ ಕೊಂಬು ತಗುಲಿಸಿ ಬೋರ್ಡಿನ ಮೇಲೆ ಬರೆದು ನೋಡಿ, ಅದು ‘ಮ’ ಆಗಿಬಿಡುತ್ತದೆ. ಇದನ್ನು ಮಕ್ಕಳೇ ಪತ್ತೆ ಹಚ್ಚಿದರೆ ಇನ್ನೊಮ್ಮೆ ತಪ್ಪುವುದಿಲ್ಲ.

5. ಮಗುವಿನ ಸ್ವಂತ ಪದ ಕೇಳಿ

ನ್ಯೂಜಿಲೆಂಡಿನ ಸಿಲ್ವಿಯಾ ಆಷ್ಟನ್-ವಾರ್ನರ್ ಮಾವೊರಿ ಮಕ್ಕಳಿಗೆ ಕಲಿಸಿದ್ದು ಹೀಗೆ: ಬೆಳಿಗ್ಗೆ ಒಂದೊಂದು ಮಗುವನ್ನು ಕರೆದು ‘ನಿನಗೆ ಯಾವ ಪದ ಬೇಕು?’ ಎಂದು ಕೇಳುವುದು, ಅದನ್ನು ಗಟ್ಟಿ ಕಾಗದದ ಮೇಲೆ ದೊಡ್ಡದಾಗಿ ಬರೆದು ಕೈಗೆ ಕೊಡುವುದು. ಮಕ್ಕಳು ಕೇಳಿದ್ದು ಅಮ್ಮ, ಭೂತ, ಮುತ್ತು, ಹೆದರಿಕೆಯಂಥ ಪದಗಳನ್ನು. ಅವರ ‘ಟೀಚರ್’ ಪುಸ್ತಕ 1963ರಲ್ಲಿ ಬಂತು. ಪಠ್ಯಪುಸ್ತಕದ ಸಾಧು ಪದಗಳಿಗಿಂತ ಹೊಟ್ಟೆಯಾಳದಿಂದ ಬಂದ ಪದ ಒಂದೇ ನೋಟಕ್ಕೆ ನೆನಪಿನಲ್ಲಿ ಉಳಿಯುತ್ತದೆ ಎಂಬುದು ಅವರ ಕಾಣ್ಕೆ.

ನಮ್ಮಲ್ಲೂ ಇದು ನಡೆಯುತ್ತದೆ. ಖರ್ಚು ಏನೂ ಇಲ್ಲ, ಮದುವೆ ಕರೆಯೋಲೆಯ ಹಿಂಭಾಗ ಸಾಕು. ಒಬ್ಬನಿಗೆ ಟ್ರ್ಯಾಕ್ಟರ್, ಒಬ್ಬಳಿಗೆ ಶುಂಠಿ, ಇನ್ನೊಬ್ಬನಿಗೆ ಮನೆಯ ಹೋರಿಯ ಹೆಸರು. ‘ಟ್ರ್ಯಾಕ್ಟರ್’ನಲ್ಲಿ ಎಂಥ ಒತ್ತಕ್ಷರ ಇದೆ ನೋಡಿ, ಪಾಠದ ಕ್ರಮಕ್ಕೆ ಕಾಯುತ್ತ ಕುಳಿತರೆ ಅದು ಬರುವುದು ಎಂದೋ. ಆಸೆಪಟ್ಟ ಹುಡುಗ ಒಂದೇ ದಿನದಲ್ಲಿ ಬರೆಯುತ್ತಾನೆ.

6. ತಾಂಡಾದ ಮಾತಿಗೆ ತರಗತಿಯಲ್ಲಿ ಜಾಗ ಕೊಡಿ

ಶಿಕಾರಿಪುರ ತಾಲ್ಲೂಕಿನ ಶಾಲೆಗಳಲ್ಲಿ ಲಂಬಾಣಿ ತಾಂಡಾದ ಮಕ್ಕಳು ಬಹಳ. ಶಿರಾಳಕೊಪ್ಪದಲ್ಲಿ ಮನೆಮಾತು ಉರ್ದು ಆಗಿರುವವರು. ಸೊರಬದ ತೋಟದ ಮನೆಗಳಿಂದ ಹವಿಗನ್ನಡದ ಮಕ್ಕಳು. ಇವರೆಲ್ಲರಿಗೂ ಪಠ್ಯಪುಸ್ತಕದ ಕನ್ನಡ ಸ್ವಲ್ಪ ದೂರದ ನೆಂಟ. ಆರಂಭದಲ್ಲಿ ಮನೆಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆಯಲು ಬಿಡಿ. ಯಾಡಿ ಬಾಟಿ ಮಾಡಿದಳು ಎಂದು ಲಂಬಾಣಿ ಹುಡುಗಿ ಬರೆದರೆ ಅಕ್ಷರ ಸರಿಯಿದೆ, ವಾಕ್ಯ ಸರಿಯಿದೆ, ಹೇಳಬೇಕಾದ್ದೂ ಇದೆ, ಇನ್ನೇನು ಬೇಕು? ಪಕ್ಕದವನು ‘ಯಾಡಿ ಅಂದ್ರೇನು?’ ಎಂದು ಕೇಳುತ್ತಾನೆ, ಅವಳು ‘ಅವ್ವ’ ಎನ್ನುತ್ತಾಳೆ. ಎರಡನೆಯ ವಾಕ್ಯ ತಾನಾಗಿ ಕನ್ನಡಕ್ಕೆ ಹೊರಳುತ್ತದೆ.

‘ಶುದ್ಧ ಕನ್ನಡ’ದ ವ್ಯಸನ ಒಂದನೆಯ ತರಗತಿಯಲ್ಲಿ ಮಾಡುವಷ್ಟು ಹಾನಿಯನ್ನು ಬೇರೇನೂ ಮಾಡುವುದಿಲ್ಲ. ನಾಲ್ಕನೆಯ ತರಗತಿಗೆ ಬಂದಾಗ ಗ್ರಾಂಥಿಕ ರೂಪ ಹೇಳಿಕೊಡಿ, ಆಗ ಹೊತ್ತಿರುತ್ತದೆ.

7. ಕಾಪಿ ಬರೆಸುವುದನ್ನು ಅರ್ಧಕ್ಕೆ ಇಳಿಸಿ, ಉಕ್ತಲೇಖನವನ್ನು ತಿರುಗಿಸಿ

ದಿನಕ್ಕೊಂದು ಪುಟ ಶುದ್ಧಬರಹ ಎಲ್ಲ ಶಾಲೆಗಳಲ್ಲೂ ಇದೆ. ಮೊದಲ ಮೂರು ಸಾಲಿನಲ್ಲಿ ಮಗು ಅಕ್ಷರ ನೋಡುತ್ತದೆ, ಆಮೇಲೆ ತಾನು ಬರೆದ ಮೇಲಿನ ಸಾಲನ್ನು ನೋಡಿ ಬರೆಯುತ್ತದೆ. ಹಾಗಾಗಿ ತಪ್ಪಿದ್ದರೆ ಪುಟದ ಕೊನೆಗೆ ಆ ತಪ್ಪು ಗಟ್ಟಿಯಾಗುತ್ತದೆ. ಮೂರು ಸಾಲಿಗೆ ನಿಲ್ಲಿಸಿ. ಉಳಿದ ಜಾಗದಲ್ಲಿ ಸ್ವಂತದ ಒಂದು ವಾಕ್ಯ.

ಉಕ್ತಲೇಖನ ಕೆಟ್ಟದ್ದಲ್ಲ, ಆದರೆ ಯಾವಾಗಲೂ ಮೇಷ್ಟ್ರೇ ಏಕೆ ಹೇಳಬೇಕು? ವಾರಕ್ಕೊಮ್ಮೆ ಮಕ್ಕಳು ಹೇಳಲಿ, ಮೇಷ್ಟ್ರು ಬೋರ್ಡಿನ ಮೇಲೆ ಬರೆಯಲಿ. ಬೇಕೆಂದೇ ಒಂದೆರಡು ಒತ್ತಕ್ಷರ ಬಿಡಿ. ತರಗತಿಯಲ್ಲಿ ಅತಿ ಹಿಂದೆ ಕೂರುವವನೂ ಎದ್ದು ಬಂದು ಬಳಪ ಕಿತ್ತುಕೊಳ್ಳುತ್ತಾನೆ.

8. ವೀರಗಲ್ಲಿನಿಂದ ಕಥೆ ಕಟ್ಟುವುದನ್ನು ಕಲಿಸಿ

ನನ್ನ ಲೆಕ್ಕದಲ್ಲಿ ಈ ಸೀಮೆಯ ಮೇಷ್ಟ್ರುಗಳಿಗೆ ಸಿಕ್ಕ ದೊಡ್ಡ ಬೋಧನೋಪಕರಣ ಇದೇ. ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳಿವೆ. ಕೇದಾರೇಶ್ವರದ ಆವರಣದಲ್ಲೂ ತಂದು ನಿಲ್ಲಿಸಿದ್ದಾರೆ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ: ತುರು ಕದ್ದೊಯ್ಯುವವರನ್ನು ಅಡ್ಡಗಟ್ಟಿದ ವೀರ, ಬಿಲ್ಲು, ಕತ್ತಿ, ಓಡುವ ದನ. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಶಿವಲಿಂಗದ ಎದುರು ಕುಳಿತ ವೀರ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹ.

ಇದು ಆರಂಭ, ನಡು, ಕೊನೆಯ ಪಾಠ. ಚಿತ್ರ ಮತ್ತು ಬರಹ ಒಂದಕ್ಕೊಂದು ಹೇಗೆ ಹೆಗಲು ಕೊಡುತ್ತವೆ ಎಂಬ ಪಾಠವೂ ಹೌದು. ಮಕ್ಕಳನ್ನು ಕರೆದೊಯ್ದು ಕೆಳಗಿನಿಂದ ಮೇಲಕ್ಕೆ ಓದಲು ಹೇಳಿ. ಏನು ನಡೆಯುತ್ತಿದೆ? ಇವನ ಹೆಂಡತಿ ಮಕ್ಕಳು ಎಲ್ಲಿ? ಕದ್ದವರು ಯಾವ ಊರಿನವರಿರಬಹುದು? ಕಲ್ಲು ಹೇಳದ್ದನ್ನು ಮಕ್ಕಳು ಹೇಳಲಿ. ಶಾಲೆಗೆ ಬಂದ ಮೇಲೆ ಉದ್ದನೆಯ ಕಾಗದವನ್ನು ಮೂರು ಭಾಗ ಮಡಚಿ, ನಡುವೆ ಎರಡು ಗೆರೆಯ ಪಟ್ಟಿ ಬಿಟ್ಟು ಕೊಡಿ. ವಿಷಯ ಅವರದೇ: ಮಂಗ ಓಡಿಸಿದ ಅಜ್ಜ, ಕೆರೆಗೆ ಬಿದ್ದ ಕರುವನ್ನು ಎಳೆದ ಅಕ್ಕ. ಚಿತ್ರ ಮೊದಲು, ವಾಕ್ಯ ಆಮೇಲೆ. ಪಟ್ಟಿ ಚಿಕ್ಕದಾದ್ದರಿಂದ ಉದ್ದಕ್ಕೆ ಬರೆಯಲಾಗುವುದಿಲ್ಲ. ಯಾವ ಮಾತು ಇರಬೇಕು, ಯಾವುದು ಬೇಡ ಎಂದು ಎಂಟು ವರ್ಷದವರೂ ಯೋಚಿಸತೊಡಗುತ್ತಾರೆ.

ಒಂದು ಎಚ್ಚರಿಕೆ. ಕಲ್ಲಿನ ಮೇಲೆ ಚಾಕ್‌ಪೀಸ್ ತಿಕ್ಕಬೇಡಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿಸಬೇಡಿ. ಪಡಿಯಚ್ಚು ತೆಗೆಯುವುದು ಶಾಸನತಜ್ಞರ ಕೆಲಸ. ಉಜ್ಜುವ ಆಸೆ ಇದ್ದರೆ ನಾಣ್ಯ ಇದೆ, ಹಲಸಿನ ಎಲೆ ಇದೆ.

9. ತರಗತಿಗೊಂದು ಶಾಸನ ಬರೆಸಿ

ನಾಲ್ಕು, ಐದನೆಯ ತರಗತಿಗೆ ಇದು. ಶಾಸನಕ್ಕೊಂದು ಅಚ್ಚು ಇದೆ: ಮಂಗಳದ ಮಾತು, ಆಳುವ ದೊರೆ, ಕಾಲ, ಕೊಟ್ಟವರು, ಕೊಟ್ಟದ್ದು, ಪಡೆದವರು, ಎಲ್ಲೆ, ಕೊನೆಯಲ್ಲಿ ಕೆಡಿಸಿದವರಿಗೆ ಶಾಪ, ಕೆಲವದರಲ್ಲಿ ಬರೆದವನ ಹೆಸರು. ವರದಿ, ಅರ್ಜಿ, ಒಪ್ಪಂದ ಎಲ್ಲದರ ಮೂಳೆ ಇದರಲ್ಲಿದೆ. ಪತ್ರಲೇಖನವೆಂದರೆ ಬಲಗಡೆ ದಿನಾಂಕ, ಎಡಗಡೆ ‘ಇವರಿಗೆ’ ಎಂದು ಬಾಯಿಪಾಠ ಮಾಡಿದ ಮಕ್ಕಳಿಗೆ ಈ ಅಚ್ಚು ರುಚಿಸುತ್ತದೆ.

ಓದುವ ಮೂಲೆಯನ್ನೋ ಶಾಲೆಯ ಕೈತೋಟವನ್ನೋ ದಾನದ ವಸ್ತುವಾಗಿಟ್ಟುಕೊಳ್ಳಿ. ಕೊಟ್ಟವರು ಯಾರು, ಎಷ್ಟು ಪುಸ್ತಕ, ಯಾವ ದಿನ. ಶಕ ವರ್ಷ ಬೇಕಿದ್ದರೆ ಇಸವಿಯಿಂದ 78 ಕಳೆಯಿರಿ, ಗಣಿತದ ಪಾಠವೂ ಆಯಿತು. ಎಲ್ಲೆ ಬರೆಯುವಾಗ ದಿಕ್ಕು ಬರುತ್ತದೆ: ಮೂಡಲು ಬಾವಿ, ತೆಂಕಲು ಅಡುಗೆ ಕೋಣೆ, ಪಡುವಲು ಬೇಲಿ, ಬಡಗಲು ಧ್ವಜಸ್ತಂಭ. ಸ್ಥಳವನ್ನು ಮಾತಿನಲ್ಲಿ ಕಟ್ಟುವ ಅಭ್ಯಾಸಕ್ಕೆ ಇದು ನಕ್ಷೆಗಿಂತ ಚೆನ್ನ, ಏಕೆಂದರೆ ಒಂದು ಪದ ತಪ್ಪಿದರೂ ಕೈತೋಟ ಪಕ್ಕದ ಹೊಲಕ್ಕೆ ಹೋಗಿಬಿಡುತ್ತದೆ.

ಶಾಪದ ಭಾಗವನ್ನು ಮಕ್ಕಳು ಬಿಡುವುದೇ ಇಲ್ಲ. ಹಳೆಯ ಶಾಸನಗಳು ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪದವರೆಗೆ ಹೋಗುತ್ತವೆ. ನೀವು ಸ್ವಲ್ಪ ಕಡಿಮೆ ಶಿಕ್ಷೆಗೆ ಒಪ್ಪಿಸಿ. ಪುಸ್ತಕ ಹರಿದವರಿಗೆ ಶನಿವಾರ ಆಟದ ಅವಧಿಯಲ್ಲಿ ಹೊಲಿಗೆ ಕೆಲಸ ಎಂದರೆ ಸಾಕು. ಶರತ್ತಿನ ವಾಕ್ಯ, ‘ಯಾರು ಹೀಗೆ ಮಾಡುತ್ತಾರೋ ಅವರು’ ಎಂಬ ವಾಕ್ಯರಚನೆ, ವ್ಯಾಕರಣದ ಹೆಸರೆತ್ತದೆ ಕೈಗೆ ಬರುತ್ತದೆ.

10. ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ

ಕೆಂಪು ಪೆನ್ನು ಹಿಡಿದು ಪುಟದಲ್ಲಿ ಇಪ್ಪತ್ತು ಸುತ್ತು ಹಾಕಿದರೆ ಮಗು ಕಲಿಯುವ ಪಾಠ ಒಂದೇ: ಮುಂದಿನ ಸಲ ಕಡಿಮೆ ಬರೆಯಬೇಕು. ಕಡಿಮೆ ಬರೆದರೆ ಕಡಿಮೆ ತಪ್ಪು. ಮಕ್ಕಳು ಲೆಕ್ಕದಲ್ಲಿ ಜಾಣರು.

ಈ ವಾರ ಅಲ್ಪಪ್ರಾಣ, ಮಹಾಪ್ರಾಣ ಎಂದರೆ ಅದೊಂದೇ ನೋಡಿ. ಮುಂದಿನ ವಾರ ದೀರ್ಘ. ಅರ್ಕಾವೊತ್ತಿಗೆ ಬೇರೆ ವಾರವೇ ಬೇಕು. ‘ಸೂರ್ಯ’ ಎನ್ನುವಾಗ ಮಗುವಿಗೆ ‘ರ್’ ಮೊದಲು ಕೇಳುತ್ತದೆ, ಬರೆಯುವಾಗ ಅದು ಕೊನೆಗೆ ಹೋಗುತ್ತದೆ. ‘ಸೂಯ೯’ ಎಂದು 9ರ ಅಂಕಿ ಹಾಕುವವರು ದೊಡ್ಡವರಲ್ಲೇ ಎಷ್ಟಿಲ್ಲ? ಚಪ್ಪಾಳೆ ತಟ್ಟಿ ‘ಸೂರ್–ಯ’ ಎಂದು ಒಡೆದು ಹೇಳಿಸಿ, ಆಮೇಲೆ ಬರೆಸಿ. ಮ–ವ, ಪ–ಷ, ನ–ಸ ಗೊಂದಲ ಕೈಯದ್ದಲ್ಲ, ಕಣ್ಣಿನದು; ಎರಡನ್ನೂ ಅಕ್ಕಪಕ್ಕ ದೊಡ್ಡದಾಗಿ ಬರೆದು ಎಲ್ಲಿ ಬೇರೆಯಾಗುತ್ತವೆ ಎಂದು ಕೇಳಿ.

ಕಾಗುಣಿತದ ವಿಷಯದಲ್ಲಿ ನಾವು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಈ ಊರನ್ನೇ ಶಾಸನಗಳು ಬಳ್ಳಿಗಾವೆ, ಬಳ್ಳಿಗಾಮೆ, ಬಳಿಪುರ ಎಂದೆಲ್ಲ ಬರೆದಿವೆ. ಧರ್ಮವನ್ನು ‘ಧರ್ಮ್ಮ’ ಎಂದು ಕೆತ್ತಿದವರು ಪಂಡಿತರೇ. ಆಗಿನ ಲಿಪಿಯಲ್ಲಿ ಎ–ಏ, ಒ–ಓ ಎಂದು ಬೇರ್ಪಡಿಸುವ ಗುರುತೇ ಇರಲಿಲ್ಲ. ಆದರೂ ದಾನ ನಡೆಯಿತು, ಗುಡಿ ನಿಂತಿತು. ಆರು ವರ್ಷದ ಹುಡುಗಿ ‘ಕೆರೆ’ಗೆ ‘ಕೇರೆ’ ಎಂದು ಬರೆದರೆ ಆಕಾಶ ಬೀಳುವುದಿಲ್ಲ. ನೀರೋ ಹಾವೋ ಎಂದು ಕೇಳಿ ನಗಿಸಿ, ಅವಳೇ ತಿದ್ದಿಕೊಳ್ಳುತ್ತಾಳೆ.

11. ನಿಜವಾದ ಓದುಗರನ್ನು ಹುಡುಕಿಕೊಡಿ

ಮೇಷ್ಟ್ರು ಓದುಗರಲ್ಲ. ಅವರು ಅಂಕ ಹಾಕುವವರು, ಅವರಿಗೆ ವಿಷಯ ಮೊದಲೇ ಗೊತ್ತು. ಗೊತ್ತಿಲ್ಲದವರಿಗೆ ಬರೆಯಬೇಕು.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಬಹಳ ಕಡೆ ಅದು ಹಾರ, ಭಾಷಣ, ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ಒಂದು ತಿಂಗಳು ಮೊದಲೇ ತಯಾರಿ ಮಾಡಿ. ಶೌಚಾಲಯಕ್ಕೆ ನೀರಿಲ್ಲ, ಬಸ್ಸು ಶಾಲೆಯ ಹತ್ತಿರ ನಿಲ್ಲುವುದಿಲ್ಲ, ದಾರಿಯಲ್ಲಿ ನಾಯಿ ಕಾಟ: ಮಕ್ಕಳು ಗುಂಪಿನಲ್ಲಿ ಅರ್ಜಿ ಬರೆಯಲಿ, ಓದಿ ತಿದ್ದಲಿ, ಅಧ್ಯಕ್ಷರ ಕೈಗೆ ಕೊಟ್ಟು ಸ್ವೀಕೃತಿ ಕೇಳಲಿ. ‘ನೀರಿಲ್ಲ’ ಎಂದರೆ ಸಾಲದು, ಯಾವ ದಿನದಿಂದ, ಎಷ್ಟು ಮಕ್ಕಳಿಗೆ ಎಂದು ಬರೆದರೆ ಕೆಲಸ ಆಗಬಹುದು ಎಂಬುದು ಅಲ್ಲಿ ತಿಳಿಯುತ್ತದೆ. ವಿವರ ಏಕೆ ಬೇಕು ಎಂದು ತರಗತಿಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗದ್ದು ನಲ್ಲಿಯಲ್ಲಿ ನೀರು ಬಂದಾಗ ಹೋಗುತ್ತದೆ. ನೀರು ಬಾರದಿದ್ದರೆ ಎರಡನೆಯ ಅರ್ಜಿ, ಅದಕ್ಕೆ ಇನ್ನೂ ಚುರುಕಾದ ಭಾಷೆ.

ಪೋಸ್ಟ್‌ಕಾರ್ಡಿಗೆ ಇಂದಿಗೂ 50 ಪೈಸೆ. ಬೇರೆ ತಾಲ್ಲೂಕಿನ ಒಂದು ಶಾಲೆಯನ್ನು ಗೊತ್ತುಮಾಡಿಕೊಂಡು ಕಾರ್ಡು ಬರೆಸಿ. ಕರಾವಳಿಯ ಮಗುವಿಗೆ ಗಂಡಭೇರುಂಡವನ್ನು ವಿವರಿಸಬೇಕು ಎನ್ನಿ. 1047ರಲ್ಲಿ ಚಾವುಂಡರಾಯರಸ ಇಲ್ಲಿ ಭೇರುಂಡೇಶ್ವರ ಕಂಬ ನಿಲ್ಲಿಸಿದ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ನೋಡದವರ ಕಣ್ಣಿಗೆ ಅದನ್ನು ಕಟ್ಟುವುದು ಸುಲಭವಲ್ಲ. ಆ ಕಡೆಯಿಂದ ಬಂದ ಉತ್ತರದಲ್ಲಿ ಚಿತ್ರ ಬರೆದು ಕಳಿಸಲು ಹೇಳಿ. ಚಿತ್ರ ತಪ್ಪಿದ್ದರೆ ವಿವರಣೆ ಎಲ್ಲಿ ತಪ್ಪಿತು ಎಂದು ಬರೆದವರೇ ಹುಡುಕುತ್ತಾರೆ.

ಗೋಡೆಪತ್ರಿಕೆಯೂ ಒಳ್ಳೆಯದೇ, ಆದರೆ ಅದನ್ನು ಮುಖ್ಯಶಿಕ್ಷಕರ ಕೋಣೆಯ ಹೊರಗೆ ಅಲ್ಲ, ಹಾಲಿನ ಡೇರಿಯ ಗೋಡೆಗೆ ಹಚ್ಚಿ. ಬೆಳಿಗ್ಗೆ ಸಂಜೆ ಸಾಲಿನಲ್ಲಿ ನಿಲ್ಲುವವರಿಗೆ ಓದಲು ಬೇರೆ ಏನೂ ಇರುವುದಿಲ್ಲ. ಫ್ರಾನ್ಸಿನಲ್ಲಿ ಸೆಲೆಸ್ಟಿನ್ ಫ್ರೆನೆ ಎಂಬ ಹಳ್ಳಿ ಮೇಷ್ಟ್ರು 1920ರ ದಶಕದಲ್ಲಿ ತರಗತಿಗೆ ಚಿಕ್ಕ ಅಚ್ಚುಯಂತ್ರವನ್ನೇ ತಂದು ಮಕ್ಕಳ ಬರಹ ಅಚ್ಚು ಹಾಕಿ ಬೇರೆ ಶಾಲೆಗಳಿಗೆ ಕಳಿಸುತ್ತಿದ್ದ. ನಮ್ಮ ಹತ್ತಿರ ಜೆರಾಕ್ಸ್ ಅಂಗಡಿ ಇದೆ.

12. ಹೆಸರು ಹಾಕಿಸಿ, ಊರಿನ ಹೆಸರೂ ಇರಲಿ

ಬೇಲೂರಿನ ಚೆನ್ನಕೇಶವ ಗುಡಿಯ ಶಿಲ್ಪಗಳಲ್ಲಿ ಕೆಲವಕ್ಕೆ ಕೆತ್ತಿದವರ ರುಜು ಇದೆ. ಅವರಲ್ಲಿ ದಾಸೋಜ ಬಳ್ಳಿಗಾವಿಯವನು. ಮಗ ಚಾವಣನೂ ಅಲ್ಲಿ ಕೆಲಸ ಮಾಡಿದ. ಅಪ್ಪ ಹೆಸರಿನ ಜೊತೆ ತನ್ನ ಊರನ್ನೂ ಕೆತ್ತಿಬಂದ. ಇನ್ನೂ ಹಿಂದೆ ಹೋದರೆ ಹತ್ತಿರದ ತಾಳಗುಂದದ ಕಂಬವಿದೆ: ಕದಂಬ ಮಯೂರನ ಕಥೆ ಹೇಳುವ ಐದನೆಯ ಶತಮಾನದ ಆ ಕಾವ್ಯದ ಕೊನೆಯಲ್ಲಿ, ಇದನ್ನು ರಚಿಸಿ ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಕುಬ್ಜ ಕವಿ ಹೇಳಿಕೊಂಡಿದ್ದಾನೆ. ಮಕ್ಕಳ ಬರಹದ ಮೇಲೆ ಇರುವುದು ಹಾಜರಿ ಸಂಖ್ಯೆ. ಅದನ್ನು ತೆಗೆದು ಕೆಳಗೆ ಹೆಸರು, ಊರು ಅಥವಾ ತಾಂಡಾ, ತಾರೀಖು ಹಾಕಿಸಿ. ರುಜು ಇರುವ ಕಾಗದವನ್ನು ಮಕ್ಕಳು ಸುಮ್ಮನೆ ಮುದುಡಿ ಎಸೆಯುವುದಿಲ್ಲ.

13. ನೀವೂ ಬರೆಯಿರಿ, ಹೊತ್ತು ನಿಗದಿ ಮಾಡಿ

ಮಕ್ಕಳು ಬರೆಯುವಾಗ ಮೇಷ್ಟ್ರು ಮಾಹಿತಿ ತುಂಬುವ ಫಾರಂ ಹಿಡಿದು ಕೂತರೆ ಬರವಣಿಗೆ ಅಂದರೆ ಶಿಕ್ಷೆ ಎಂದೇ ಅರ್ಥ. ಹತ್ತು ನಿಮಿಷ ನೀವೂ ಅದೇ ವಿಷಯ ಬರೆದು, ಗೀಚಿ ಹೊಡೆದುಹಾಕಿ, ಮತ್ತೆ ಬರೆದು, ಓದಿ ಹೇಳಿ. ಒಂದರಿಂದ ಮೂರನೆಯ ತರಗತಿ ಒಟ್ಟಿಗೆ ಕೂರುವ ನಲಿಕಲಿ ಕೋಣೆಯಲ್ಲಿ ಮೂರನೆಯವರು ಸ್ವಂತ ವಾಕ್ಯ ಬರೆಯುತ್ತಿರಲಿ, ಎರಡನೆಯವರು ಪದದ ಕಾರ್ಡು ಜೋಡಿಸುತ್ತಿರಲಿ, ನೀವು ಒಂದನೆಯವರ ಮಗ್ಗುಲಲ್ಲಿ ನೆಲದ ಮೇಲೆ ಕೂರಿ. ಮರುದಿನ ಬದಲಿಸಿ. ದಿನವೂ ಅದೇ ಹೊತ್ತು ಇರಲಿ, ಬಿಸಿಯೂಟದ ಮೊದಲು ಬೇಡ. ಸಾರಿನ ವಾಸನೆ ಬಂದ ಮೇಲೆ ಯಾರೂ ಬರೆಯುವುದಿಲ್ಲ. ಜೂನ್‌ನ ಮೊದಲ ಬರಹವನ್ನು ದಾರ ಪೋಣಿಸಿ ಎತ್ತಿಡಿ, ಮಾರ್ಚ್‌ನ ಬರಹವನ್ನು ಅದರ ಮೇಲಿಡಿ. ಪೋಷಕರ ಸಭೆಯಲ್ಲಿ ಅಂಕಪಟ್ಟಿಗೆ ಮೊದಲು ಆ ಕಟ್ಟನ್ನು ತೋರಿಸಿ.